ಮೂಗಿನ ವಿದ್ಯಾಭ್ಯಾಸ

ಮುಂಬಯಿಯ ಪವಾಯಿಯಲ್ಲಿ ಏನನ್ನೂ ಓದುತ್ತಿಲ್ಲದ ಮನುಷ್ಯನನ್ನು ಹುಡುಕುವುದು ಕಷ್ಟ. ಕೆರೆಯ ಒಂದು ದಂಡೆಗೆ ಐಐಟಿ. ಅದರಾಚೆ, ವಿಹಾರ ಕೆರೆಯ ದಾರಿಯಲ್ಲಿ, 1963ರಿಂದ ‘ನೀಟಿ’ ಎಂದು ಕರೆಸಿಕೊಂಡು 2023ರಲ್ಲಿ ಹೆಸರು ಬದಲಿಸಿಕೊಂಡು ಐಐಎಂ ಮುಂಬಯಿ ಆದ ಸಂಸ್ಥೆ. ಈ ಎರಡಕ್ಕೂ ಹೋಗಬೇಕೆನ್ನುವ ಮಕ್ಕಳ ಕೋಚಿಂಗ್ ಕ್ಲಾಸುಗಳು, ಆ ಮಕ್ಕಳನ್ನು ತಯಾರು ಮಾಡುವ ಶಾಲೆಗಳು, ಶಾಲೆಗೆ ತಯಾರು ಮಾಡುವ ಪ್ಲೇಸ್ಕೂಲುಗಳು. ಇಲ್ಲಿ ಬೆನ್ನಿಗೆ ಚೀಲವಿಲ್ಲದೆ ರಸ್ತೆಗಿಳಿದವನೇ ಅನುಮಾನಾಸ್ಪದ. ಹಾಗಾಗಿ ಐವತ್ತು ದಾಟಿದ ಮೇಲೆ ನಾನೊಂದು ಚೀಲ ಬೆನ್ನಿಗೇರಿಸಿದರೆ ಯಾರೂ ಗಮನಿಸುವುದಿಲ್ಲ ಎಂದುಕೊಂಡಿದ್ದೆ. ಆದರೆ ಚೀಲದೊಳಗಿಂದ ಟಣಟಣ ಎಂದು ಗಾಜಿನ ಸದ್ದು ಬಂದಾಗ ಲಿಫ್ಟಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ನಾನು ಸೇರಿದ್ದು ವೈನ್ ಮಾಡುವ ವಿದ್ಯೆ ಕಲಿಸುವ ಸಂಜೆ ತರಗತಿಗೆ. ಅಲ್ಲಿ ವಿದ್ಯಾರ್ಥಿಗಳು ತಮ್ಮ ತಮ್ಮ ಗ್ಲಾಸು ತಾವೇ ತರಬೇಕು.

ಊರಿಗೆ ಫೋನ್ ಮಾಡಿ ಹೇಳಿದಾಗ ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, ‘ಮಂದಿ ಕುಡದು ಮನಿ ಹಾಳ ಮಾಡ್ಕೋತಾರ. ನೀ ಫೀಸ್ ಕಟ್ಟಿ ಕಲತ ಹಾಳ ಮಾಡ್ತೀಯೇನೋ?’ ಎಂದಳು. ಉತ್ತರ ಹೊಳೆಯಲಿಲ್ಲ. ನಮ್ಮದು ವಿಜಯಪುರ ಜಿಲ್ಲೆಯ ತಿಕೋಟಾ ಕಡೆಯ ಊರು. ಮನೆಯಲ್ಲಿ ದ್ರಾಕ್ಷಿ ತೋಟವಿದೆ, ಅಣ್ಣ ನೋಡಿಕೊಳ್ಳುತ್ತಾನೆ. ಏಪ್ರಿಲ್ ಚಾಟ್ನಿ, ಅಕ್ಟೋಬರ್ ಚಾಟ್ನಿ ಎಂದು ವರ್ಷಕ್ಕೆರಡು ಸಲ ಬಳ್ಳಿ ಕತ್ತರಿಸುವುದನ್ನು ನೋಡುತ್ತಲೇ ಬೆಳೆದವನು ನಾನು. ನಮ್ಮ ಸೆಕೆಯಲ್ಲಿ ದ್ರಾಕ್ಷಿ ಬಳ್ಳಿಗೆ ಚಳಿಗಾಲದ ನಿದ್ದೆ ಇಲ್ಲ, ಅದಕ್ಕೇ ಕತ್ತರಿ ಎರಡು ಸಲ ಆಡಬೇಕು ಎಂಬ ಕಾರಣ ಮಾತ್ರ ಗೊತ್ತಾದದ್ದು ಈಗ, ಮುಂಬಯಿಯ ಹವಾನಿಯಂತ್ರಿತ ಕೋಣೆಯಲ್ಲಿ ಕೂತು. ನಮ್ಮ ಕಡೆ ಬೆಳೆಯುವುದು ತಾಮ್ಸನ್ ಸೀಡ್‌ಲೆಸ್. ಹಣ್ಣನ್ನು ಪೊಟ್ಯಾಷಿಯಂ ಕಾರ್ಬೋನೇಟ್ ಮತ್ತು ಎಣ್ಣೆಯ ನೀರಿನಲ್ಲಿ ಅದ್ದಿ ತೆಗೆದು, ಶೆಡ್ಡಿನ ಬಲೆಗಳ ಮೇಲೆ ಹರವಿ, ಹದಿನೈದು ದಿನ ನೆರಳಲ್ಲಿ ಒಣಗಿಸಿದರೆ ಒಣದ್ರಾಕ್ಷಿ. ಸುಮಾರು ನಾಲ್ಕು ಕಿಲೋ ಹಸಿ ಹಣ್ಣಿಗೆ ಒಂದು ಕಿಲೋ. ಆ ಹದಿನೈದು ದಿನದಲ್ಲಿ ಮೋಡ ಕವಿದರೆ ಮನೆಯಲ್ಲಿ ಯಾರಿಗೂ ನಿದ್ದೆ ಇರುತ್ತಿರಲಿಲ್ಲ. ಹಣ್ಣು ಹುಳಿ ಬಂದರೆ ನಷ್ಟ ಎಂದು ಹೆದರುತ್ತಿದ್ದ ಮನೆಯ ಹುಡುಗ ಹುಳಿ ಬರಿಸುವುದನ್ನೇ ಓದಲು ಹೊರಟಿದ್ದ. ಅವ್ವನ ಸಿಟ್ಟಿಗೆ ಅರ್ಥವಿತ್ತು.

ಮುಂಬಯಿಯ ಕನ್ನಡಿಗರಿಗೆ ದೊಡ್ಡವರಾದ ಮೇಲೆ ಶಾಲೆಗೆ ಹೋಗುವುದು ಹೊಸತಲ್ಲ. ದಕ್ಷಿಣ ಕನ್ನಡ, ಉಡುಪಿ ಕಡೆಯಿಂದ ಬಂದು ಹಗಲೆಲ್ಲ ಹೋಟೆಲಿನಲ್ಲಿ ಟೇಬಲ್ ಒರೆಸಿ, ರಾತ್ರಿ ಕೈ ತೊಳೆದುಕೊಂಡು ಪುಸ್ತಕ ಹಿಡಿದು ಹೋಗುತ್ತಿದ್ದ ಹುಡುಗರಿಗಾಗಿಯೇ ಇಲ್ಲಿ ಕನ್ನಡದ ರಾತ್ರಿ ಶಾಲೆಗಳು ಹುಟ್ಟಿದವು. ಮೊಗವೀರರದು ಒಂದು, ಬಿಲ್ಲವರ ಗುರುನಾರಾಯಣ ರಾತ್ರಿ ಪ್ರೌಢಶಾಲೆ ಇನ್ನೊಂದು, ಕೋಟೆ ಭಾಗದಲ್ಲಿ ಮತ್ತೆ ಕೆಲವು. ಆ ಬೆಂಚುಗಳಿಂದ ಎದ್ದು ಹೋದವರು ವಕೀಲರಾದರು, ಬ್ಯಾಂಕ್ ಅಧಿಕಾರಿಗಳಾದರು, ಸಾಹಿತಿಗಳೂ ಆದರು. ಅವರ ಓದಿಗೆ ಹಸಿವಿನ ನೆಪವಿತ್ತು. ನನ್ನದು ಹೊಟ್ಟೆ ತುಂಬಿದವನ ಓದು. ಅಲ್ಲದೆ ಕಳ್ಳು ಇಳಿಸಲೂ ಬೇಡ, ಮಾರಲೂ ಬೇಡ, ಕುಡಿಯಲೂ ಬೇಡ ಎಂದು ಬೋಧಿಸಿದವರು ನಾರಾಯಣ ಗುರುಗಳು. ಅವರ ಹೆಸರಿನ ರಾತ್ರಿ ಶಾಲೆ ಇದ್ದ ಊರಿನಲ್ಲಿ ನಾನು ವೈನ್ ಶಾಲೆಗೆ ಹೋಗುತ್ತಿದ್ದೆ.

ಸರಕಾರವೂ ಈ ವಿಷಯದಲ್ಲಿ ರಸಿಕತೆಗೆ ಹಿಂದೆ ಬಿದ್ದಿಲ್ಲ. 1949ರ ಮುಂಬಯಿ ಪಾನನಿರೋಧ ಕಾಯಿದೆ ಇಂದಿಗೂ ಜೀವಂತ. ಮಹಾರಾಷ್ಟ್ರದಲ್ಲಿ ಮದ್ಯ ಕುಡಿಯಲು ಕಾನೂನಿನ ಪ್ರಕಾರ ಪರ್ಮಿಟ್ ಬೇಕು. ಒಂದು ದಿನದ್ದು ಸಿಗುತ್ತದೆ, ಆಜೀವ ಪರ್ಯಂತದ್ದೂ ಸಿಗುತ್ತದೆ. ಅದರ ಒಕ್ಕಣೆ ಓದಿದರೆ ಅದನ್ನು ಕೊಡುವುದು ಆರೋಗ್ಯ ಕಾಪಾಡಿಕೊಳ್ಳಲು! ಅವ್ವನಿಗೆ ಅದರ ಫೋಟೋ ಕಳಿಸಿದೆ. ‘ಸರಕಾರದವರಿಗೆ ಬುದ್ಧಿ ಇಲ್ಲ ಅಂತ ನನಗ ಮೊದಲ ಗೊತ್ತಿತ್ತು’ ಎಂದು ವಾಪಸು ಬಂತು.

ತರಗತಿಯಲ್ಲಿ ನನ್ನ ಅಕ್ಕಪಕ್ಕ ಕೂತವರು ಹೋಟೆಲ್ ಮ್ಯಾನೇಜ್‌ಮೆಂಟ್ ಮುಗಿಸಿದ ಹುಡುಗ ಹುಡುಗಿಯರು. ನನ್ನನ್ನು ಮೊದಲ ದಿನ ಮೇಷ್ಟ್ರೆಂದು ತಿಳಿದು ಎದ್ದು ನಿಂತರು. ರಸಾಯನಶಾಸ್ತ್ರ ಅವರಿಗೆ ನೀರು ಕುಡಿದಷ್ಟು ಸುಲಭ. ಒಂದು ಲೀಟರಿನಲ್ಲಿ ಸುಮಾರು ಹದಿನೇಳು ಗ್ರಾಂ ಸಕ್ಕರೆ ತಿಂದರೆ ಯೀಸ್ಟ್ ಶೇಕಡಾ ಒಂದರಷ್ಟು ಆಲ್ಕೋಹಾಲ್ ಕೊಡುತ್ತದೆ ಎಂಬ ಲೆಕ್ಕವನ್ನು ಅವರು ಬಾಯಲ್ಲೇ ಮಾಡುತ್ತಿದ್ದರು. ನಾನು ಕನ್ನಡಕ ಹುಡುಕುತ್ತಿದ್ದೆ. ಆದರೆ ವಾಸನೆಯ ಪಾಠ ಶುರುವಾದಾಗ ಪರಿಸ್ಥಿತಿ ತಿರುಗಿತು.

ವೈನ್ ವಿದ್ಯೆಯಲ್ಲಿ ನಾಲಿಗೆಗಿಂತ ಮೂಗು ಮುಖ್ಯ. ತರಗತಿಗೆ ಬರುವ ದಿನ ಅತ್ತರು ಹಚ್ಚಬಾರದು, ಪಾನ್ ಜಗಿಯಬಾರದು, ಕಾಫಿಯೂ ಬೇಡ. ಮೊದಲು ಬಣ್ಣ ನೋಡಬೇಕು, ಆಮೇಲೆ ಮೂಸಬೇಕು. ಗ್ಲಾಸು ತಿರುಗಿಸಿ ಇನ್ನೊಮ್ಮೆ ಮೂಸಿ, ಬಂದ ವಾಸನೆಗಳನ್ನು ಹೆಸರಿಟ್ಟು ಬರೆಯಬೇಕು. ಕುಡಿಯುವುದು ಕೊನೆಗೆ. ಅದೂ ಕುಡಿಯುವುದಲ್ಲ, ಬಾಯಲ್ಲಿ ಆಡಿಸಿ ಬಕೆಟ್ಟಿಗೆ ಉಗಿಯುವುದು. (ಅವ್ವನಿಗೆ ಸಮಾಧಾನವಾದ ಏಕೈಕ ಸಂಗತಿ ಇದು.) ಹೆಸರುಗಳ ಪಟ್ಟಿಯನ್ನು ಅವರೇ ಕೊಡುತ್ತಾರೆ. ಬ್ಲ್ಯಾಕ್‌ಕರಂಟ್, ಗೂಸ್‌ಬೆರಿ, ಎಲ್ಡರ್ ಹೂವು, ಒದ್ದೆ ಕಲ್ಲು, ಕುದುರೆಯ ಜೀನು. ಇವುಗಳಲ್ಲಿ ಒದ್ದೆ ಕಲ್ಲೊಂದನ್ನು ಬಿಟ್ಟು ಉಳಿದ ಯಾವುದನ್ನೂ ನಾನಾಗಲಿ ಆ ಮಕ್ಕಳಾಗಲಿ ಮೂಸಿದವರಲ್ಲ. ಅವರು ಪಟ್ಟಿಯನ್ನು ಉರು ಹೊಡೆದರು. ನನ್ನ ತಲೆಗೆ ಉರು ಹೊಡೆಯುವ ವಯಸ್ಸು ಮೀರಿತ್ತು. ಆದ್ದರಿಂದ ಪವಾಯಿಯನ್ನೇ ಮೂಸುತ್ತ ಹೊರಟೆ.

ದಿನಾ ಬೆಳಗ್ಗೆ ಅದೇ ಸುತ್ತು. ಹೀರಾನಂದಾನಿ ಬಡಾವಣೆಯಿಂದ ಇಳಿದು, ದೊಡ್ಡ ರಸ್ತೆ ದಾಟಿ, ಕೆರೆಯ ದಂಡೆ ಹಿಡಿದು ಗಣೇಶ ಘಾಟಿನವರೆಗೆ. ಹೀರಾನಂದಾನಿಯ ಕಟ್ಟಡಗಳನ್ನು ರೂಪಿಸಿದವರು ಹಫೀಜ್ ಕಾಂಟ್ರಾಕ್ಟರ್. ಕಂಬ, ಕಮಾನು, ಗುಮ್ಮಟಗಳೆಲ್ಲ ಫ್ರೆಂಚ್ ವೈನ್ ಸೀಸೆಯ ಲೇಬಲ್ಲಿನ ಮೇಲಿರುವ ಬಂಗಲೆಯಂತೆಯೇ. ವ್ಯತ್ಯಾಸವಿಷ್ಟೇ: ಅಲ್ಲಿ ನೆಲಮಾಳಿಗೆಯಲ್ಲಿ ಪೀಪಾಯಿ, ಇಲ್ಲಿ ಕಾರು. ಆ ಬೀದಿಗಳಿಗೆ ಸ್ವಂತದ ವಾಸನೆಯೇ ಇಲ್ಲ. ಬೇಕರಿಯ ಬೆಣ್ಣೆ, ಸಲೂನಿನ ಶಾಂಪೂ, ತೊಳೆದ ಅಮೃತಶಿಲೆ ಇಷ್ಟೇ. ದೊಡ್ಡ ರಸ್ತೆಗೆ ಬಂದರೆ ಡೀಸೆಲ್ ಹೊಗೆ, ಮೆಟ್ರೋ ಕಾಮಗಾರಿಯ ಹಸಿ ಸಿಮೆಂಟು. ಪಟ್ಟಿಯಲ್ಲಿದ್ದ ‘ಒದ್ದೆ ಕಲ್ಲು’ ನನಗೆ ಸಿಕ್ಕಿದ್ದು ಅಲ್ಲಿ. ಹಳೆಯ ರೀಸ್ಲಿಂಗ್ ವೈನಿಗೆ ಸೀಮೆಎಣ್ಣೆಯ ವಾಸನೆ ಬರುತ್ತದೆ, ಅದು ದೋಷವಲ್ಲ, ಗುಣ ಎಂದು ಪಾಠವಾದ ಮೇಲೆ ಜಾಮಿನಲ್ಲಿ ನಿಂತ ಲಾರಿಗಳ ಮೇಲೂ ಸಿಟ್ಟು ಕಡಿಮೆಯಾಯಿತು.

ಘಾಟಿನ ಹತ್ತಿರ ಬೆಳಗಿನ ಹೊತ್ತು ಮಲ್ಲಿಗೆಯ ಗಜರೆ ಕಟ್ಟುವವರು ಕೂತಿರುತ್ತಾರೆ. ಅಲ್ಲಿ ನಿಂತಾಗಲೆಲ್ಲ ದ್ರಾಕ್ಷಿಯ ನೆನಪು ಏಕೆ ಬರುತ್ತದೆ ಎಂದು ತಿಳಿಯುತ್ತಿರಲಿಲ್ಲ. ನೆನಪಾಗುತ್ತಿದ್ದುದು ನಮ್ಮ ತಾಮ್ಸನ್ ಅಲ್ಲ, ಬೆಂಗಳೂರು, ಚಿಕ್ಕಬಳ್ಳಾಪುರದ ಕಡೆಯ ಕಪ್ಪು ಬೆಂಗಳೂರು ಬ್ಲೂ. ಪುಸ್ತಕ ತೆರೆದರೆ ಕಾರಣ ಸಿಕ್ಕಿತು: ಮೀಥೈಲ್ ಆಂಥ್ರನಿಲೇಟ್ ಎಂಬ ವಸ್ತು ಮಲ್ಲಿಗೆಯಲ್ಲೂ ಇದೆ, ಬೆಂಗಳೂರು ಬ್ಲೂ ಸೇರಿದ ಅಮೆರಿಕನ್ ದ್ರಾಕ್ಷಿ ಕುಲದಲ್ಲೂ ಇದೆ. ಯುರೋಪಿನ ರುಚಿಗಾರರು ಈ ವಾಸನೆಗೆ ಮೂಗು ಮುರಿಯುತ್ತಾರೆ. ಮುರಿದುಕೊಳ್ಳಲಿ. ಮಲ್ಲಿಗೆ ಮುಡಿದವರ ನಡುವೆ ಬೆಳೆಯದ ಮೂಗಿಗೆ ಆ ಹಣ್ಣಿನ ಬೆಲೆ ಹೇಗೆ ಗೊತ್ತಾಗಬೇಕು?

ವಾಪಸು ಬರುವಾಗ ಚಾಂದಿವಲಿಯ ತಿರುವಿನಲ್ಲೊಂದು ಉಡುಪಿ ಹೋಟೆಲು. ಶಟರ್ ಅರ್ಧ ಎತ್ತಿದ ಹೊತ್ತಿನಲ್ಲಿ ಹೋದರೆ ಸಾಂಬಾರಿಗೂ ಮೊದಲು ಮೂಗಿಗೆ ಬರುವುದು ರಾತ್ರಿಯಿಡೀ ಉಬ್ಬಿದ ಇಡ್ಲಿ ಹಿಟ್ಟಿನದು. ತಿಳಿ ಹುಳಿ, ಅದರ ಹಿಂದೆ ಒಂದಿಷ್ಟು ಬೆಣ್ಣೆ. ಕೆಂಪು ವೈನಿಗೆ ಎರಡನೆಯ ಹುದುಗು ಎಂದೊಂದಿದೆ. ಹಸಿ ಸೇಬಿನ ಚುರುಕು ಹುಳಿಯನ್ನು ಬ್ಯಾಕ್ಟೀರಿಯಾ ಮೊಸರಿನ ಮೆದು ಹುಳಿಯಾಗಿ ಮಾರ್ಪಡಿಸುತ್ತದೆ, ಜೊತೆಗೆ ಬೆಣ್ಣೆಯ ವಾಸನೆ ಕೊಡುತ್ತದೆ. ಆ ಬ್ಯಾಕ್ಟೀರಿಯಾದ ಈಗಿನ ಹೆಸರು ಈನೋಕಾಕಸ್. 1995ರವರೆಗೆ ಅದನ್ನು ಲ್ಯೂಕೋನಾಸ್ಟಾಕ್ ಎಂಬ ಮನೆತನದಲ್ಲೇ ಸೇರಿಸಿದ್ದರು. ಇಡ್ಲಿ ಹಿಟ್ಟು ಉಬ್ಬಿಸುವುದೂ ಲ್ಯೂಕೋನಾಸ್ಟಾಕೇ. ಬೋರ್ಡೋದ ದೊಡ್ಡ ಮನೆಯವರಿಗೆ ಉಡುಪಿಯಲ್ಲಿ ದಾಯಾದಿಗಳಿದ್ದಾರೆ ಎಂದು ಹೋಟೆಲಿನ ಮಾಲೀಕರಿಗೆ ಹೇಳಿದೆ. ಅವರು ನಿರ್ವಿಕಾರವಾಗಿ ‘ಒಂದು ಪ್ಲೇಟ್ ಸಾಕೋ, ಎರಡು ಬೇಕೋ’ ಎಂದು ಕೇಳಿದರು.

ಇನ್ನು ಕೆರೆ. ಅದು 1890ರಲ್ಲಿ ಮುಂಬಯಿಗೆ ಕುಡಿಯುವ ನೀರಿಗೆಂದು ಕಟ್ಟಿದ್ದು. ಅದಕ್ಕೂ ಮೊದಲು ಇಲ್ಲಿದ್ದುದು ಫ್ರಾಮ್‌ಜೀ ಕಾವಸ್‌ಜೀ ಎಂಬ ಪಾರ್ಸಿ ಗೃಹಸ್ಥರ ಎಸ್ಟೇಟು. ಅವರು ಇಲ್ಲಿನ ಮಾವಿನ ಹಣ್ಣನ್ನು 1838ರಲ್ಲಿ ವಿಕ್ಟೋರಿಯಾ ರಾಣಿಗೆ ಹಡಗಿನಲ್ಲಿ ಕಳಿಸಿದ್ದರಂತೆ. ತುಂಬಿದರೆ ಕೆರೆಯಲ್ಲಿ 545 ಕೋಟಿ ಲೀಟರ್ ನೀರು, ಆದರೆ ಒಂದು ಹನಿಯೂ ಕುಡಿಯಲು ಬರುವುದಿಲ್ಲ. ತೋಟಕ್ಕೆ, ಕಾರ್ಖಾನೆಗೆ ಮಾತ್ರ. ಒಳಚರಂಡಿ ಸೇರುತ್ತದೆ, ಮೇಲೆ ಅಂತರಗಂಗೆ ಹಬ್ಬುತ್ತದೆ, ಕೆಳಗೆ ಮೊಸಳೆಗಳು ನೆಮ್ಮದಿಯಾಗಿವೆ. ಮೊಸಳೆಗಳ ದಂಡೆಯ ಮೇಲೆ ಸೈಕಲ್ ಟ್ರ್ಯಾಕ್ ಮಾಡಲು ಪಾಲಿಕೆ ಹೊರಟಿತ್ತು. 2022ರಲ್ಲಿ ಹೈಕೋರ್ಟ್ ಅದು ಅಕ್ರಮ ಎಂದಿತು. ಮೊಸಳೆಗಳ ಪರ ತೀರ್ಪು ಬಂದ ಅಪರೂಪದ ಪ್ರಕರಣ.

ದೋಷಗಳ ಪಾಠದ ದಿನ ಅಧ್ಯಾಪಕರು ಬೇಕೆಂದೇ ಕೆಡಿಸಿದ ವೈನುಗಳನ್ನು ಸಾಲಾಗಿ ಇಟ್ಟಿದ್ದರು. ಒಂದು ವಿನೆಗರ್ ಆದದ್ದು, ಇನ್ನೊಂದು ಕೊಳೆತ ಮೊಟ್ಟೆಯಂತೆ ನಾರುವುದು. (ಗಾಳಿ ಪೂರ್ವದಿಂದ ಬೀಸಿದ ಸಂಜೆ ಕಾಂಜುರ್‌ಮಾರ್ಗದ ಕಸದ ರಾಶಿ ನನಗೆ ಇದನ್ನು ಮೊದಲೇ ಕಲಿಸಿತ್ತು.) ಮೂರನೆಯದರ ಮುಂದೆ ಎಲ್ಲರೂ ತಡವರಿಸಿದರು. ಒಬ್ಬಳು ಬೀಟ್‌ರೂಟ್ ಎಂದಳು, ಒಬ್ಬ ಹಳೆಯ ಗೋದಾಮು ಎಂದ. ನನ್ನ ಸರದಿ ಬಂದಾಗ ‘ಪವಾಯಿ ಕೆರೆ, ಮೇ ತಿಂಗಳು’ ಎಂದೆ. ಮಕ್ಕಳು ನಕ್ಕರು. ಅಧ್ಯಾಪಕರು ನಗಲಿಲ್ಲ. ಸರಿಯಾಗಿದೆ ಎಂದರು. ಅದು ಜಿಯೋಸ್ಮಿನ್. ಕೊಳೆತ ದ್ರಾಕ್ಷಿಯ ಬೂಷ್ಟಿನಿಂದ ವೈನಿಗೆ ಬರುತ್ತದೆ, ನಿಂತ ನೀರಿನ ಪಾಚಿಯಂಥ ಸೂಕ್ಷ್ಮಜೀವಿಗಳಿಂದ ಕೆರೆಗೆ ಬರುತ್ತದೆ, ಬೀಟ್‌ರೂಟಿನಲ್ಲೂ ಅದೇ ಇದೆ. ಒಂದು ಗ್ರಾಂ ವಸ್ತುವನ್ನು ನೂರು ಕೋಟಿ ಪಾಲು ಮಾಡಿ, ಅದರ ಹತ್ತು ಪಾಲನ್ನು ಒಂದು ಲೀಟರ್ ನೀರಿಗೆ ಬೆರೆಸಿದರೂ ಮನುಷ್ಯನ ಮೂಗು ಗುರುತಿಸಬಲ್ಲದು. ತಮಾಷೆಯೆಂದರೆ, ಜೂನಿನಲ್ಲಿ ಮೊದಲ ಮಳೆ ಬಿದ್ದಾಗ ಐಐಟಿಯ ಹಿಂದಿನ ಗುಡ್ಡದಿಂದ ಬರುವ ಮಣ್ಣಿನ ಘಮವೂ ಬಹುಪಾಲು ಅದೇ ಜಿಯೋಸ್ಮಿನ್. ಮೇ ತಿಂಗಳಲ್ಲಿ ಕರವಸ್ತ್ರ ಹಿಡಿಸಿದ್ದನ್ನೇ ಜೂನಿನಲ್ಲಿ ಕಿಟಕಿ ತೆರೆದು ಕರೆಯುತ್ತೇವೆ.

ಆವತ್ತಿನಿಂದ ಮಕ್ಕಳು ನನ್ನ ಪಕ್ಕ ಕೂರಲು ಬಂದರು. ಅವರಿಗೆ ಸೂತ್ರ ಗೊತ್ತು, ನನ್ನ ಹತ್ತಿರ ದಾಸ್ತಾನಿದೆ. ಒಣದ್ರಾಕ್ಷಿ ಶೆಡ್ಡು, ಹೊಸ ಗೋಣಿಚೀಲ, ಅಜ್ಜಿಯ ಟ್ರಂಕಿನ ನುಸಿಗುಳಿಗೆ, ಸುಟ್ಟ ಜೋಳದ ರೊಟ್ಟಿ. ಈ ವಿದ್ಯೆಗೆ ತಡವಾಗಿ ಬಂದವರು ಹಿಂದೆ ಬೀಳಬೇಕಿಲ್ಲ. ಮುಂಬಯಿಯವರೇ ಆದ ಸೋನಾಲ್ ಹಾಲೆಂಡ್ ಮೂವತ್ತು ದಾಟಿದ ಮೇಲೆ ಕಾರ್ಪೊರೇಟ್ ಕೆಲಸ ಬಿಟ್ಟು ವೈನ್ ಓದಲು ಕೂತವರು. 2016ರಲ್ಲಿ ‘ಮಾಸ್ಟರ್ ಆಫ್ ವೈನ್’ ಆದರು, ಭಾರತದಲ್ಲಿ ಮೊದಲಿಗರು. ಆ ಪರೀಕ್ಷೆಯಲ್ಲಿ ಹನ್ನೆರಡು ಹನ್ನೆರಡರಂತೆ ಮೂರು ಸಲ, ಹೆಸರು ಮುಚ್ಚಿಟ್ಟ ಮೂವತ್ತಾರು ವೈನುಗಳನ್ನು ಗುರುತಿಸಬೇಕು. ನನಗೆ ಅಷ್ಟು ದೂರದ ಆಸೆಯಿಲ್ಲ.

ಪ್ರಾಯೋಗಿಕ ಪಾಠ ಫೆಬ್ರವರಿಯಲ್ಲಿ, ನಾಶಿಕದಲ್ಲಿ. ಶೂರ್ಪನಖಿ ಮೂಗು ಕಳೆದುಕೊಂಡ ಊರಿಗೇ ನಾವು ಮೂಗು ಹರಿತ ಮಾಡಿಕೊಳ್ಳಲು ಹೋದದ್ದು. ತೊಟ್ಟಿಯಲ್ಲಿ ಶಿರಾಝ್ ದ್ರಾಕ್ಷಿ ಹುದುಗುತ್ತಿತ್ತು. ಸಿಪ್ಪೆಗಳೆಲ್ಲ ಅನಿಲದೊಂದಿಗೆ ಮೇಲೇರಿ ದಪ್ಪ ಪದರ ಕಟ್ಟಿದ್ದವು. ಅದನ್ನು ದಿನಕ್ಕೆ ಹಲವು ಸಲ ಉದ್ದ ಕೋಲಿನಿಂದ ಕೆಳಗೆ ಒತ್ತಬೇಕು, ಇಲ್ಲದಿದ್ದರೆ ಬಣ್ಣ ಇಳಿಯುವುದಿಲ್ಲ, ಮೇಲಿನದು ಹುಳಿತು ವಿನೆಗರ್ ಆಗುತ್ತದೆ. ಕೋಲು ಒತ್ತಿದರೆ ಪದರ ಮೊದಲು ಜಗ್ಗುವುದಿಲ್ಲ. ಆಮೇಲೆ ಒಂದು ಕಡೆ ಬಿರುಕು ಬಿಟ್ಟು, ಬುಸ್ಸೆಂದು ನೇರಳೆ ನೊರೆ ಉಕ್ಕಿ, ಬಿಸಿ ಮುಖಕ್ಕೆ ಹೊಡೆಯುತ್ತದೆ. ಬಗ್ಗಿ ಮೂಸಬೇಡಿ, ಅಲ್ಲಿರುವುದು ಇಂಗಾಲದ ಡೈಆಕ್ಸೈಡು, ತಲೆ ತಿರುಗಿ ಒಳಗೇ ಬೀಳುತ್ತೀರಿ ಎಂದು ಕೆಲಸದವನು ನನ್ನ ಅಂಗಿ ಹಿಡಿದು ಹಿಂದಕ್ಕೆಳೆದ. ಅಲ್ಲಿಂದ ಒಂದು ಗೊಂಚಲು ಶಿರಾಝ್ ತಂದು ಅಣ್ಣನಿಗೆ ಕೊಟ್ಟೆ. ಎರಡು ಕಾಳು ಬಾಯಿಗೆ ಹಾಕಿಕೊಂಡು, ‘ಬರೇ ಬೀಜ, ಬರೇ ಸಿಪ್ಪಿ. ಇದನ್ನ ಯಾರ ತಗೋತಾರೋ?’ ಎಂದ. ಅವನ ತಾಮ್ಸನ್ನಿನಲ್ಲಿ ಹಾಗೆ ನೋಡಿದರೆ ಎಲ್ಲವೂ ಇದೆ, ವೈನಿಗೆ ಬೇಕಾದ ಬೀಜ, ಸಿಪ್ಪೆಗಳ ಒಗರು ಮಾತ್ರ ಇಲ್ಲ.

ಪರೀಕ್ಷೆ ಮುಗಿದಿದೆ, ಪಾಸಾಗಿದ್ದೇನೆ. ವೈನ್ ಮಾಡಲು ಸದ್ಯಕ್ಕೆ ತೊಟ್ಟಿಯೂ ಇಲ್ಲ, ಪರವಾನಗಿಯೂ ಇಲ್ಲ. ಬೆಳಗಿನ ಸುತ್ತು ನಿಂತಿಲ್ಲ. ನಮ್ಮ ಪಠ್ಯ ಬರೆಯುವವರು ಗೂಸ್‌ಬೆರಿಯ ಪಕ್ಕದಲ್ಲಿ ನೇರಳೆ, ಹಲಸು, ಮಲ್ಲಿಗೆಗಳಿಗೂ ಒಂದು ಸಾಲು ಕೊಡಲಿ ಎಂದು ಅರ್ಜಿ ಬರೆದು ಕಳಿಸಿದ್ದೇನೆ. ಪಾಲಿಕೆಯವರು ಕೆರೆಗೆ ಸೇರುವ ಚರಂಡಿಯನ್ನು ಬೇರೆ ಕಡೆ ತಿರುಗಿಸಿದರೆ ಪಾಠಕ್ಕೊಂದು ಉದಾಹರಣೆ ಕಡಿಮೆಯಾದರೂ ಚಿಂತೆಯಿಲ್ಲ. ಅಲ್ಲಿಯವರೆಗೆ, ಪವಾಯಿ ನೋಡಲು ಬರುವವರು ಮೇ ತಿಂಗಳನ್ನು ಬಿಡಿ. ಜುಲೈಯಲ್ಲಿ, ಕೆರೆ ತುಂಬಿ ಕೋಡಿ ಬಿದ್ದ ಸುದ್ದಿ ಪತ್ರಿಕೆಯಲ್ಲಿ ಬಂದ ಮೇಲೆ, ಬೆಳಗ್ಗೆ ಏಳರೊಳಗೆ ಬನ್ನಿ. ಅತ್ತರು ಹಚ್ಚಿಕೊಂಡು ಬರಬೇಡಿ.