ಚೀಲಕ್ಕೆ ಎರಡು ಕಿಲೋ

ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪ ಎಂಬ ಷಟ್ಕರ್ಮಗಳನ್ನು ಆದಿತೀರ್ಥಂಕರರು ಜನರಿಗೆ ಬೋಧಿಸಿದರೆಂದು ನಮ್ಮ ಪುರಾಣಗಳು ಹೇಳುತ್ತವೆ. ನನ್ನಂತಹ ಪೇಟೆಯ ಕುಟುಂಬಗಳು ಇವುಗಳಲ್ಲಿ ವಾಣಿಜ್ಯವನ್ನು ಹಿಡಿದು ಕೃಷಿಯನ್ನು ದೂರವಿಟ್ಟವು. ಆದರೆ ನಮ್ಮ ಅಂಗಡಿಗೆ ಬರುವ ಪ್ರತಿಯೊಂದು ಚೀಲವೂ ಯಾವುದೋ ಹೊಲದಿಂದಲೇ ಬಂದದ್ದು. ಈ ಎರಡು ಕರ್ಮಗಳನ್ನು ಒಟ್ಟಾಗಿ ಕಾಣಬೇಕೆಂಬ ಪಾಠವನ್ನು ನಾನು ನನ್ನ ತಮ್ಮನ ಮಗಳಿಂದ ಕಲಿಯಬೇಕಾಯಿತು.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ತಾಲ್ಲೂಕುಗಳು 2021ರಿಂದ ವಿಜಯನಗರ ಜಿಲ್ಲೆಗೆ ಸೇರಿವೆ. ಇದು ಬಹುಪಾಲು ಮಳೆಯನ್ನೇ ನಂಬಿದ ಸೀಮೆ. ಮೆಕ್ಕೆಜೋಳ, ಶೇಂಗಾ, ಈರುಳ್ಳಿ ಇಲ್ಲಿನ ಪೇಟೆಗಳ ಜೀವಾಳ. ಹಡಗಲಿಯ ಮಲ್ಲಿಗೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ದೊರೆತಿದೆ. ಈ ಭಾಗದ ಒಂದು ಪೇಟೆಯಲ್ಲಿ ನಾನು ಬಿ.ಕಾಂ. ಮುಗಿಸಿ ಬಂದಂದಿನಿಂದ ಕಾಳುಕಡಿ ಖರೀದಿಯ ಅಂಗಡಿ ನಡೆಸುತ್ತಿದ್ದೇನೆ.

ಬಿ.ಎಸ್ಸಿ. ಕೃಷಿ ಪದವಿ ಪಡೆದ ಆ ಹುಡುಗಿ ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಕೃಷಿ ವ್ಯವಹಾರದ ಎಂ.ಬಿ.ಎ. ಓದುತ್ತೇನೆಂದಾಗ ನಾನು ನಕ್ಕೆ. “ಗಾದಿಯ ಮೇಲೆ ಕುಳಿತು ಕಲಿಯುವ ವಿದ್ಯೆಗೆ ಎರಡು ವರ್ಷದ ಓದೇಕೆ?” ಎಂದೆ. ಅವಳು ಶಾಂತವಾಗಿ ವಿವರಿಸಿದಳು. 1957ರಲ್ಲಿ ಹಾರ್ವರ್ಡ್‌ನ ಡೇವಿಸ್ ಮತ್ತು ಗೋಲ್ಡ್‌ಬರ್ಗ್ ಎಂಬ ವಿದ್ವಾಂಸರು ಬೀಜ, ಗೊಬ್ಬರದಿಂದ ಹಿಡಿದು ಉಣ್ಣುವವನ ತಟ್ಟೆಯವರೆಗಿನ ಸಮಸ್ತ ವ್ಯವಹಾರವನ್ನು ಒಂದೇ ಸರಪಳಿಯಾಗಿ ಕಾಣಬೇಕೆಂದು ಗ್ರಂಥವನ್ನೇ ಬರೆದರಂತೆ. ಮಾರುಕಟ್ಟೆ, ದಾಸ್ತಾನು, ಸಂಸ್ಕರಣೆ, ಸಾಲ, ಗುಣಮಟ್ಟ ಎಲ್ಲವೂ ಆ ಓದಿನ ವಿಷಯಗಳೇ. ನಾನು ಒಪ್ಪಿದೆನಾದರೂ ಮನಸ್ಸಿಗೆ ಹಿಡಿಸಲಿಲ್ಲ.

ಮೊದಲ ವರ್ಷದ ರಜೆಯಲ್ಲಿ ಅವಳು ಅಂಗಡಿಗೆ ಬಂದು ಕುಳಿತಳು. ಮೆಕ್ಕೆಜೋಳದ ಸುಗ್ಗಿ. ತೇವ, ಧೂಳು ಎಂಬ ಲೆಕ್ಕದಲ್ಲಿ 60 ಕಿಲೋ ಚೀಲಕ್ಕೆ 2 ಕಿಲೋ ಕಳೆಯುವುದು ನಮ್ಮ ಅಂಗಡಿಯ ಹಳೆಯ ರೂಢಿ. ಅವಳು ತಂದಿದ್ದ ಸಣ್ಣ ತೇವಾಂಶಮಾಪಕದಲ್ಲಿ ಇಬ್ಬರು ರೈತರ ಮಾಲನ್ನು ಅಳೆದಳು. ಒಬ್ಬರದು ಶೇಕಡ 18; ಇನ್ನೊಬ್ಬರದು 14. ಬೆಂಬಲ ಬೆಲೆಯ ಖರೀದಿಗೆ ಒಪ್ಪಿದ ಮಿತಿ 14. ಅದಕ್ಕೆ ಹೋಲಿಸಿದರೆ ಹಸಿ ಮಾಲಿನ ಚೀಲದಲ್ಲಿ ಸುಮಾರು 2.8 ಕಿಲೋ ಹೆಚ್ಚಿನ ನೀರಿತ್ತು; ಒಣಗಿಸಿ ತಂದವರ ಚೀಲದಲ್ಲಿ ಕಳೆಯಬೇಕಾದ ನೀರೇ ಇರಲಿಲ್ಲ. ಇಬ್ಬರಿಗೂ ನಾನು ಕಳೆದದ್ದು 2 ಕಿಲೋ.

“ದೊಡ್ಡಪ್ಪಾ, ಕಷ್ಟಪಟ್ಟು ಒಣಗಿಸಿದವರಿಗೂ ಅಷ್ಟೇ, ಹಸಿಯಾಗಿ ತಂದವರಿಗೂ ಅಷ್ಟೇ ಕಳೆದರೆ ಮುಂದಿನ ವರ್ಷ ಒಣಗಿಸಿ ತರುವವರು ಯಾರು?” ಎಂದು ಕೇಳಿದಳು.

ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಹೀನಾಧಿಕ ಮಾನೋನ್ಮಾನವೂ ಒಂದು. ಕೊಳ್ಳುವಾಗ ಹೆಚ್ಚು, ಕೊಡುವಾಗ ಕಡಿಮೆ ಅಳೆಯುವ ದೋಷವದು. ದಶಲಕ್ಷಣ ಪರ್ವದಲ್ಲಿ ಬಸದಿಯಲ್ಲಿ ಇದರ ಮೇಲೆ ನಾನೇ ಹಲವು ಸಲ ಉಪನ್ಯಾಸ ಮಾಡಿದ್ದೇನೆ. ತಕ್ಕಡಿ ಸರಿಯಾಗಿದೆಯೆಂಬ ನೆಮ್ಮದಿಯಲ್ಲಿದ್ದೆ. ದೋಷ ತಕ್ಕಡಿಯಲ್ಲಿರದೆ ರೂಢಿಯಲ್ಲಿತ್ತು. ಅಂದು ರಾತ್ರಿ ಹಳೆಯ ಖಾತೆಗಳನ್ನು ತೆರೆದೆ. ಯಾರಿಗೆ ಎಷ್ಟು ಮರಳಿಸಬೇಕೆಂದು ಲೆಕ್ಕ ಹಾಕಲು ದಾಖಲೆಯೇ ಇರಲಿಲ್ಲ. ಕಳೆದ ಮೇಲಿನ ತೂಕವನ್ನಷ್ಟೇ ಬರೆದಿದ್ದೆವು. ಲೆಕ್ಕಶಾಸ್ತ್ರ ಓದಿದ ನನಗೆ ಅದಕ್ಕಿಂತ ದೊಡ್ಡ ನಾಚಿಕೆ ಬೇರೊಂದಿರಲಿಲ್ಲ.

ಮರುದಿನದಿಂದ ರೈತರ ಕಣ್ಣೆದುರೇ ಅಳೆದು, ಅಳತೆಯಷ್ಟನ್ನೇ ಕಳೆದು, ಚೀಟಿಯಲ್ಲಿ ಬರೆದುಕೊಡುತ್ತಿದ್ದೇವೆ. ಆ ವರ್ಷ ಲಾಭ ಇಳಿಯಿತು. ಜೊತೆಯ ವರ್ತಕರ ಅಸಮಾಧಾನವೂ ಬಂತು. ನಿದ್ರೆ ಮಾತ್ರ ಚೆನ್ನಾಗಿ ಬಂತು.

ಇಂತಹ ಓದಿನಿಂದ ಉದ್ಯೋಗವೇನು ಎಂದು ಅನೇಕ ತಂದೆತಾಯಿಗಳು ನನ್ನನ್ನು ಕೇಳುತ್ತಾರೆ. ಬ್ಯಾಂಕುಗಳಲ್ಲಿ ಕೃಷಿ ಅಧಿಕಾರಿಗಳಾಗಬಹುದು. ಉಗ್ರಾಣ, ಬೀಜ, ಆಹಾರ ಸಂಸ್ಕರಣೆಯ ಸಂಸ್ಥೆಗಳಲ್ಲಿ ದುಡಿಯಬಹುದು. 10,000 ರೈತ ಉತ್ಪಾದಕ ಸಂಸ್ಥೆಗಳನ್ನು ಕಟ್ಟುವ ಕೇಂದ್ರದ ಯೋಜನೆ 2020ರಲ್ಲಿ ಆರಂಭವಾಯಿತು. ಅಂತಹ ಸಂಸ್ಥೆಗಳಿಗೂ ವ್ಯವಹಾರ ಬಲ್ಲವರು ಬೇಕು. ಸ್ವಂತ ಉದ್ಯಮ ಹೂಡುವ ಕೃಷಿ ಪದವೀಧರರಿಗೆ 2002ರಲ್ಲಿ ಆರಂಭವಾದ ಕೃಷಿ ಚಿಕಿತ್ಸಾಲಯ ಮತ್ತು ಕೃಷಿ ವ್ಯವಹಾರ ಕೇಂದ್ರಗಳ ಯೋಜನೆಯಿದೆ. ಎಲ್ಲ ದಾರಿಯೂ ಶ್ರಾವಕನಿಗೆ ಹೊಂದದು. ಶ್ರಾವಕಾಚಾರಗಳು ವಿಷವಾಣಿಜ್ಯವನ್ನು ತ್ಯಾಜ್ಯವೆಂದಿವೆ. ಕೀಟನಾಶಕದ ವ್ಯಾಪಾರಕ್ಕೆ ಇಳಿಯುವ ಮುನ್ನ ನಮ್ಮ ಮಕ್ಕಳು ಇದನ್ನು ಯೋಚಿಸಲೇಬೇಕು.

ಬಸದಿಗಳ ಟ್ರಸ್ಟಿನವರಲ್ಲಿ ಒಂದು ವಿನಂತಿ. ವೈದ್ಯಕೀಯ, ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಕೊಡುವ ವಿದ್ಯಾರ್ಥಿವೇತನಗಳಲ್ಲಿ ಒಂದನ್ನಾದರೂ ಈ ಓದಿಗೆ ಮೀಸಲಿಡಿ. ರೈತನ ಋಣದಲ್ಲಿರುವ ಸಮಾಜ ನಮ್ಮದು.

ದೀಪಾವಳಿಯ ಅಂಗಡಿ ಪೂಜೆಯಲ್ಲಿ ಖಾತೆ ಪುಸ್ತಕ ಮತ್ತು ತಕ್ಕಡಿಯ ಪಕ್ಕದಲ್ಲಿ ಈಗ ಆ ತೇವಾಂಶಮಾಪಕವೂ ಇರುತ್ತದೆ. ಅದನ್ನು ಅಲ್ಲಿಡುವವನು ನಾನೇ.