ಪ್ಯಾರಿಸಿನ ಪುಟ್ಟ ಹೋಟೆಲಿನಲ್ಲಿ ಒಂದು ರಾತ್ರಿ

ಯುರೋಪ್ ಪ್ರವಾಸ ಮಾಡಿ ಬಂದವರು ನಮ್ಮ ಸಂಘದಲ್ಲಿ ಈಗ ಬೇಕಾದಷ್ಟು ಮಂದಿ ಇದ್ದಾರೆ. ಐಫೆಲ್ ಗೋಪುರದ ವರ್ಣನೆ ಮತ್ತೆ ಬರೆದು ನಿಮ್ಮ ತಲೆ ತಿನ್ನುವುದಿಲ್ಲ. ನಾನು ಹೇಳಹೊರಟಿರುವುದು ರಾತ್ರಿ ಉಳಿಯುವ ಜಾಗದ ವಿಚಾರ.

ಮಲಗಲು ಹಾಸಿಗೆ, ಸ್ನಾನಕ್ಕೆ ಬಿಸಿನೀರು ಇದ್ದರೆ ಸಾಕು ಎನ್ನುವವರು ನಮ್ಮವರು. ಆದರೆ ಮದುವೆಯಾಗಿ 30 ವರ್ಷ ತುಂಬಿದ ನೆನಪಿಗೆ ಹೊರಟ ಆ ಪ್ರವಾಸದಲ್ಲಿ ಒಂದೇ ಒಂದು ರಾತ್ರಿಯನ್ನು ನಾನು ನನಗಾಗಿ ಕೇಳಿ ಪಡೆದಿದ್ದೆ. ಉಡುಪಿಯಲ್ಲಿ ಇಂಗ್ಲಿಷ್ ಬಿ.ಎ. ಮುಗಿಸಿ, ಎಂ.ಎ. ಅರ್ಜಿ ತುಂಬುವ ಮೊದಲೇ ಮದುವೆಯಾಗಿ ಮುಂಬಯಿಗೆ ಬಂದವಳು ನಾನು. ಓದಿದ ಪುಸ್ತಕಗಳೆಲ್ಲ ಟ್ರಂಕು ಸೇರಿದ್ದವು. ಆಸ್ಕರ್ ವೈಲ್ಡ್ ಕೊನೆಯುಸಿರೆಳೆದ ಹೋಟೆಲು ಪ್ಯಾರಿಸಿನಲ್ಲಿ ಇನ್ನೂ ಇದೆ, ಅಲ್ಲಿ ಉಳಿಯಲೂಬಹುದು ಎಂದು ತಿಳಿದಾಗ ನನಗೆ ತಡೆಯಲಾಗಲಿಲ್ಲ.

"ಸತ್ತವರ ಮನೆಯಲ್ಲಿ ಮಲಗಲಿಕ್ಕೆ ಇಷ್ಟು ದುಡ್ಡಾ ಮಾರಾಯ್ತಿ!" ಎಂದರು ನಮ್ಮವರು. ಬಾಡಿಗೆ ಕೇಳಿ ನನಗೂ ಎದೆ ಝಲ್ಲೆಂದದ್ದು ನಿಜ. ಉಳಿದ ರಾತ್ರಿಗಳಿಗೆ ಸಾದಾ ಹೋಟೆಲು ಹಿಡಿದು ಲೆಕ್ಕ ಸರಿದೂಗಿಸಿದೆವು.

ಇಂಥ ಹೋಟೆಲು ಆರಿಸುವಾಗ ಮೋಸಹೋಗುವುದು ಸುಲಭ. ಪ್ಯಾರಿಸಿಗೆ ಮೊದಲು ಇನ್ನೊಂದು ಊರಿನಲ್ಲಿ, ದೊಡ್ಡ ಚಿತ್ರಕಾರನ ಹೆಸರಿಟ್ಟುಕೊಂಡ ಹೋಟೆಲಿನಲ್ಲಿ ಇಳಿದಿದ್ದೆವು. ಗೋಡೆಯ ಮೇಲೆ ಇದ್ದದ್ದು ಕ್ಯಾಲೆಂಡರಿನಂಥ ಅಚ್ಚಿನ ಚಿತ್ರಗಳು! ಆ ಚಿತ್ರಕಾರ ಅಲ್ಲಿ ಕಾಲಿಟ್ಟವನೇ ಅಲ್ಲ. ಆದ್ದರಿಂದ ಮುಂಚಿತವಾಗಿಯೇ ಬರೆದು ಕೇಳಿ: ಆ ವ್ಯಕ್ತಿ ಇದೇ ಕಟ್ಟಡದಲ್ಲಿದ್ದನೇ? ಯಾವ ವರ್ಷ? ಗೋಡೆಯ ಚಿತ್ರ ಮೂಲವೋ, ನಕಲೋ? ಹಳೆಯ ಕಟ್ಟಡಗಳಲ್ಲಿ ಲಿಫ್ಟ್ ಇದೆಯೇ ಎಂಬುದನ್ನೂ ಕೇಳಿ; ನಮ್ಮ ವಯಸ್ಸಿನ ಮಂಡಿಗಳಿಗೆ ಅದೂ ಮುಖ್ಯ.

ಇನ್ನು ನಮ್ಮ ಹೋಟೆಲಿನ ಕತೆ. ಸೇನ್ ನದಿಯ ಎಡದಂಡೆಯಲ್ಲಿ, ಕಲಾಶಾಲೆಯ ಎದುರಿನ ಸಣ್ಣ ಬೀದಿಯಲ್ಲಿ 13ನೇ ಸಂಖ್ಯೆಯ ಕಟ್ಟಡ. ಈಗಿನ ಹೆಸರು ಬರೇ 'ಲೋತೆಲ್', ಅಂದರೆ 'ಹೋಟೆಲು'. ಇರುವುದು 20 ಕೋಣೆ. ಬಾಗಿಲ ಬಳಿ ವೈಲ್ಡ್‌ನ ಹೆಸರಿನ ಫಲಕ. 1977ರಿಂದ 1984ರವರೆಗೆ ಆಗಾಗ ಬಂದು ಉಳಿದ ಅರ್ಜೆಂಟೀನಾದ ಲೇಖಕ ಬೋರ್ಹೆಸ್‌ನದೂ ಒಂದು. ಒಳಗೆ ಬಾವಿಯಂತೆ ದುಂಡಗಿನ ಅಂಗಳ. ತಲೆಯೆತ್ತಿದರೆ ಮಹಡಿಯ ಮೇಲೆ ಮಹಡಿ, ತುದಿಯಲ್ಲಿ ಆಕಾಶದ ಬೆಳಕು.

ವೈಲ್ಡ್‌ನ ಕಾಲದಲ್ಲಿ ಇದು 'ಹೋಟೆಲ್ ದಾಲ್ಸಾಸ್' ಎಂಬ ಅಗ್ಗದ ವಸತಿ. ಲಂಡನ್ನಿನಲ್ಲಿ ಅವನ ನಾಟಕಗಳಿಗೆ ಜನ ಮುಗಿಬೀಳುತ್ತಿದ್ದ ದಿನಗಳಲ್ಲೇ, 1895ರಲ್ಲಿ, ಅವನಿಗೆ ಎರಡು ವರ್ಷ ಕಠಿಣ ಸಜೆಯಾಯಿತು. ಬಿಡುಗಡೆಯಾದ ಮೇಲೆ ಹೆಸರು ಬದಲಿಸಿಕೊಂಡು ಫ್ರಾನ್ಸಿಗೆ ಬಂದ. ಕೈಯಲ್ಲಿ ಕಾಸಿಲ್ಲ, ಜೊತೆಗೆ ಕಾಯಿಲೆ. ಮಾಲೀಕ ದುಪ್ವಾರಿಯೇ ಬಿಲ್ಲು ಬೆಳೆಯುತ್ತಿದ್ದರೂ ಅವನನ್ನು ಹೊರಹಾಕಲಿಲ್ಲ. 1900ರ ನವೆಂಬರ್ 30ರಂದು, 46ನೇ ವಯಸ್ಸಿನಲ್ಲಿ, ವೈಲ್ಡ್ ಅಲ್ಲಿಯೇ ತೀರಿಕೊಂಡ.

ಅವನ ಹೆಸರಿನ 16ನೇ ಕೋಣೆಯ ಬಾಡಿಗೆ ನಮ್ಮ ಕೈಗೆಟುಕದ್ದು. ನಮಗೆ ಸಿಕ್ಕಿದ್ದು ಮೇಲಿನ ಚಿಕ್ಕ ಕೋಣೆ. ಮರುದಿನ ಬೆಳಿಗ್ಗೆ ಆ ಕೋಣೆ ಖಾಲಿಯಾದಾಗ, ಕೌಂಟರಿನ ಹುಡುಗಿ "ಐದೇ ನಿಮಿಷ" ಎಂದು ಬಾಗಿಲು ತೆರೆದಳು. ಗೋಡೆಯ ತುಂಬ ನವಿಲುಗಳು. ಅದೆಲ್ಲ ಈಚಿನ ಅಲಂಕಾರ. ಆದರೆ ಒಂದು ಕಡೆ ಚೌಕಟ್ಟು ಹಾಕಿ ತೂಗುಹಾಕಿದ್ದು ವೈಲ್ಡ್‌ನ ಬಾಕಿ ಬಿಲ್ಲು!

ನಮ್ಮವರು ಕನ್ನಡಕ ಸರಿಮಾಡಿಕೊಂಡು ಅದರ ಮುಂದೆ ನಿಂತೇ ನಿಂತರು. ನಮ್ಮ ಮಾವನವರು ಮಾಟುಂಗಾದಲ್ಲಿ ಪುಟ್ಟ ಹೋಟೆಲು ನಡೆಸುತ್ತಿದ್ದವರು. ಮಿಲ್ಲು ಮುಷ್ಕರದ 1982ರ ದಿನಗಳಲ್ಲಿ ಎಷ್ಟೋ ಮಂದಿಗೆ ಉದ್ರಿ ಊಟ ಹಾಕಿದ್ದರು. ಆ ಪುಸ್ತಕ ನಮ್ಮ ಕಪಾಟಿನಲ್ಲಿ ಈಗಲೂ ಇದೆ, ಮುಕ್ಕಾಲು ಲೆಕ್ಕ ಬಾಕಿಯೇ. "ಅಪ್ಪಯ್ಯನ ಪುಸ್ತಕದ ಹಾಗೆಯೇ ಉಂಟಲ್ಲ" ಎಂದರು ಮೆಲ್ಲಗೆ. ಅನಂತರ ಬಾಡಿಗೆಯ ಮಾತು ಎತ್ತಲಿಲ್ಲ.

ಒಬ್ಬನ ಬಡತನ ಇನ್ನೊಬ್ಬರ ಐಷಾರಾಮವಾಯಿತಲ್ಲ ಎಂದು ನನ್ನ ಮನಸ್ಸು ಚುಚ್ಚಿದ್ದೂ ಉಂಟು. ಆದರೆ ಆ ಬಿಲ್ಲನ್ನು ಮುಚ್ಚಿಡದೆ ಗೋಡೆಗೆ ತೂಗಿದ್ದಾರಲ್ಲ, ಅದಕ್ಕೇ ಆ ಮನೆ ನನಗೆ ಹಿಡಿಸಿತು.

ನಿಮಗೆ ಚಿತ್ರಕಲೆ ಇಷ್ಟವೇ? ದಕ್ಷಿಣ ಫ್ರಾನ್ಸಿನ ಸೇಂಟ್ ಪಾಲ್ ದ ವಾನ್ಸ್‌ನಲ್ಲಿ 'ಲಾ ಕೊಲೋಂಬ್ ದೋರ್' ಇದೆ. ಪಿಕಾಸೊ, ಮಾತೀಸ್, ಲೆಜೆ ಮುಂತಾದವರು ಬಂದುಹೋದ ಮನೆ. ಗೋಡೆಯಲ್ಲಿರುವುದು ಮೂಲ ಕೃತಿಗಳೇ. ಉಳಿಯಲಾಗದಿದ್ದರೆ ಊಟಕ್ಕೆ ಮೇಜು ಕಾದಿರಿಸಿ. ಪ್ರಬಂಧಪ್ರಿಯರಿಗೆ ಲಂಡನ್ನಿನ ಸೋಹೋದಲ್ಲಿ 'ಹ್ಯಾಜ್ಲಿಟ್ಸ್'. ವಿಲಿಯಂ ಹ್ಯಾಜ್ಲಿಟ್ 1830ರಲ್ಲಿ ತೀರಿಕೊಂಡ ಮನೆ. ವೆನಿಸ್ಸಿನ ನೀರಿನಂಚಿನ 'ಲಾ ಕಾಲ್ಚಿನಾ'ದಲ್ಲಿ 1877ರಲ್ಲಿ ಇದ್ದವನು ಜಾನ್ ರಸ್ಕಿನ್. ಗಾಂಧೀಜಿಯ ಬದುಕು ಬದಲಿಸಿದ ಪುಸ್ತಕ ಬರೆದವನು ಅವನೇ.

ನನ್ನ ಸಲಹೆ ಇಷ್ಟೇ. ಹದಿನೈದು ದಿನದ ಪ್ರವಾಸದಲ್ಲಿ ಒಂದೇ ರಾತ್ರಿ ಇಂಥ ಕಡೆ ಉಳಿಯಿರಿ, ಆ ಲೇಖಕನ ಒಂದು ಪುಸ್ತಕ ಓದಿಕೊಂಡು ಹೋಗಿ. ಓದದೆ ಹೋದರೆ ಅದು ಬರೇ ದುಬಾರಿ ಹಾಸಿಗೆ. ಮುಂಬಯಿಗೆ ಬಂದ ವಾರದೊಳಗೆ ನಾನು ಟ್ರಂಕು ಬಿಚ್ಚಿ ವೈಲ್ಡ್‌ನ ನಾಟಕಗಳನ್ನು ಹೊರತೆಗೆದೆ. ಅವು ಈಗ ಕಪಾಟಿನಲ್ಲಿ ಮಾವನವರ ಉದ್ರಿ ಪುಸ್ತಕದ ಪಕ್ಕದಲ್ಲಿವೆ.