ಮೇಘನ ಹಾದಿಯಲ್ಲಿ ರೈಲುಪ್ರಯಾಣ

ಓದಿದುದಕ್ಕೂ ಕಂಡುದಕ್ಕೂ ನಡುವಣ ಅಂತರವು ಬಹು ದೊಡ್ಡದು. ಉಪಾಧ್ಯಾಯವೃತ್ತಿಯಲ್ಲಿ ಕೂದಲು ನರೆಸಿಕೊಂಡ ನಮ್ಮಂಥವರಿಗೆ ಈ ಮಾತು ವಿಶೇಷವಾಗಿ ಒಪ್ಪುವುದು. ನಾವು 33 ವರ್ಷಗಳ ಕಾಲ ಹುಡುಗರಿಗೆ ಕಾಳಿದಾಸನ ಮೇಘದೂತವನ್ನು ಪಾಠ ಹೇಳಿದೆವು. ರಾಮಗಿರಿಯಿಂದ ಅಲಕೆಯವರೆಗೆ ಮೇಘನು ಹೋಗಬೇಕಾದ ದಾರಿಯನ್ನು ಕರಿಹಲಗೆಯ ಮೇಲೆ ಬರೆದು ತೋರಿಸಿದೆವು. ಆದರೆ ಆ ದಾರಿಯ ಒಂದು ಊರನ್ನಾದರೂ ಕಣ್ಣಾರೆ ಕಂಡವರಲ್ಲ. ಒಂದು ದಿನ ಹಿಂದಿನ ಬೆಂಚಿನ ಹುಡುಗನೊಬ್ಬನು ಎದ್ದು ನಿಂತು, "ಮೇಷ್ಟ್ರೇ, ರೇವಾನದಿ ಎಷ್ಟು ಅಗಲ ಇದೆ?" ಎಂದು ಕೇಳಿದನು. ನಮಗೆ ತಿಳಿಯದು, ತಿಳಿಯದೆಂದು ಹೇಳುವ ಧೈರ್ಯವೂ ಇರಲಿಲ್ಲ. "ಪರೀಕ್ಷೆಗೆ ಬೇಕಾದುದನ್ನು ಕೇಳು, ಕುಳಿತುಕೋ" ಎಂದು ಗದರಿದೆವು. ತರಗತಿಯೆಲ್ಲ ನಕ್ಕಿತು. ಆ ಹುಡುಗನು ಆ ವರ್ಷ ಮತ್ತೆ ಪ್ರಶ್ನೆ ಕೇಳಲಿಲ್ಲ. ನಿವೃತ್ತರಾದ ಮೇಲೆ ಆ ಮುಖವು ಪದೇ ಪದೇ ನಮ್ಮ ಕಣ್ಣಮುಂದೆ ಬಂದು ನಿಲ್ಲತೊಡಗಿತು. ಈ ಋಣವನ್ನು ಕಾಲಿನಲ್ಲಿ ಶಕ್ತಿಯಿರುವಾಗಲೇ ತೀರಿಸಬೇಕೆಂದು ಕಳೆದ ಆಷಾಢದಲ್ಲಿ ಹೊರಟೆವು.

ನಮ್ಮ ಮನೆಯವರಿಗೆ ಮಂಡಿನೋವು, ಮೆಟ್ಟಿಲು ಹತ್ತಲಾರರು. "ಈ ವಯಸ್ಸಿನಲ್ಲಿ ಒಬ್ಬರೇ ಏಕೆ?" ಎಂದು ಮಗನು ತಡೆದಾಗ ಅವರೇ, "ಹೋಗಿಬರಲಿ ಬಿಡಪ್ಪ; ಇಲ್ಲವಾದರೆ ನನ್ನ ಮಂಡಿಯ ಮೇಲೆ ತಪ್ಪು ಬಂದೀತು" ಎಂದರು. ಅವಲಕ್ಕಿ, ಚಟ್ನಿಪುಡಿ, ಕೋಡುಬಳೆಗಳನ್ನು ಕಟ್ಟಿಕೊಟ್ಟು, ದಿನಕ್ಕೊಂದು ಸಲ ಫೋನು ಮಾಡಬೇಕೆಂದು ಮಾತು ತೆಗೆದುಕೊಂಡರು. ವಿರಹಿಯಾದ ಯಕ್ಷನಿಗೆ ಮೇಘನೊಬ್ಬನೇ ಗತಿ. ನಮಗಾದರೋ ದೂತನು ಜೇಬಿನಲ್ಲಿಯೇ ಇದ್ದನು.

ವಾಚಕರಲ್ಲಿ ಯಾರಾದರೂ ಇಂಥ ಯಾತ್ರೆಯನ್ನು ಬಯಸುವವರಿದ್ದರೆ ಅವರಿಗೆ ಉಪಯೋಗವಾಗುವ ಸಂಗತಿಯೊಂದುಂಟು. ನಮ್ಮ ರೈಲ್ವೆಯವರು ವೃತ್ತಪ್ರಯಾಣದ ಟಿಕೆಟ್ಟನ್ನು ಕೊಡುತ್ತಾರೆ. ಹೊರಟ ನಿಲ್ದಾಣಕ್ಕೇ ಬಂದು ಸೇರುವಂತೆ ದಾರಿಯನ್ನು ಮೊದಲೇ ಬರೆದುಕೊಡಬೇಕು; ನಡುವೆ 8 ಕಡೆ ಇಳಿದು ತಂಗಬಹುದು. ಇಡೀ ದೂರವನ್ನು ಅರ್ಧರ್ಧವಾಗಿಸಿ ಎರಡೇ ಪ್ರಯಾಣಗಳೆಂದು ಎಣಿಸುವುದರಿಂದ, ದೂರ ಬೆಳೆದಂತೆ ಮೈಲಿಗೆ ಬೀಳುವ ದರವು ಇಳಿಯುತ್ತದೆ. ಬಿಡಿಬಿಡಿಯಾಗಿ ಕೊಳ್ಳುವುದಕ್ಕಿಂತ ಇದು ಅಗ್ಗ. ಆದರೆ ಮಲಗುವ ಸ್ಥಳವನ್ನು ಪ್ರತಿಯೊಂದು ಗಾಡಿಗೂ ಬೇರೆಯಾಗಿಯೇ ಕಾದಿರಿಸಬೇಕು. ಹಿರಿಯರಿಗೆ ಇದ್ದ ರಿಯಾಯಿತಿಯು 2020ರ ಮಾರ್ಚಿನಲ್ಲಿ ನಿಂತುಹೋಯಿತು.

ಬೆಂಗಳೂರಿನಿಂದ ನೇರವಾಗಿ ನಾಗಪುರಕ್ಕೆ ಹೋಗಿ ಇಳಿದೆವು. ಅಲ್ಲಿಂದ ಸುಮಾರು 50 ಕಿಲೋಮೀಟರು ದೂರದಲ್ಲಿರುವ ರಾಮಟೇಕ್ ಎಂಬ ಗುಡ್ಡವೇ ಕಾಳಿದಾಸನ ರಾಮಗಿರಿಯೆಂದು ಮಿರಾಶಿ ಮೊದಲಾದ ಪಂಡಿತರ ಮತ. ಸುರಗುಜಾ ಸೀಮೆಯ ರಾಮಗಢವೆಂದು ಹೇಳುವವರೂ ಇದ್ದಾರೆ. ಗುಡ್ಡದ ಮೇಲೆ ವಾಕಾಟಕರ ಕಾಲದ ನರಸಿಂಹನ ಗುಡಿಗಳಿವೆ. ಕಾಳಿದಾಸನ ಹೆಸರಿನ ಸಂಸ್ಕೃತ ವಿಶ್ವವಿದ್ಯಾಲಯವು 1997ರಲ್ಲಿ ಈ ಊರಿನಲ್ಲಿಯೇ ಸ್ಥಾಪಿತವಾಯಿತು. ಮೆಟ್ಟಿಲ ಮೇಲೆ ಕುಳಿತಿದ್ದಾಗ ತೆಂಕಣ ದಿಕ್ಕಿನಿಂದ ಮೋಡವೊಂದು ಏರಿ ಬಂದಿತು. ಅದನ್ನು ಕಂಡು ನಾವು ಕೈಮುಗಿದುದನ್ನು ನೋಡಿ ಪಕ್ಕದ ಮುದುಕನೊಬ್ಬನು ತಾನೂ ಕೈಮುಗಿದನು.

ಮರುದಿನ ಹಗಲಿನ ಗಾಡಿಯನ್ನೇ ಆರಿಸಿಕೊಂಡೆವು. ಸಾತಪುಡಾ ಬೆಟ್ಟಗಳನ್ನು ಹಾದು, ಇಟಾರಸಿಯನ್ನು ಬಿಟ್ಟು, ನರ್ಮದಾಪುರದಲ್ಲಿ ಇಳಿದು ಒಂದು ರಾತ್ರಿ ತಂಗಿದೆವು. 2022ರವರೆಗೆ ಹೋಶಂಗಾಬಾದೆಂದು ಕರೆಯಲ್ಪಡುತ್ತಿದ್ದುದು ಈ ಊರೇ. ರೇವೆಯೆಂದರೂ ನರ್ಮದೆಯೆಂದರೂ ಒಂದೇ ನದಿ. ಸೇಠಾಣಿ ಘಾಟಿನಲ್ಲಿ ಸ್ನಾನಮಾಡಿ, ಬೆಳಿಗ್ಗೆ ಮುಂದಿನ ಗಾಡಿ ಹತ್ತಿದೆವು. ಊರು ಬಿಟ್ಟೊಡನೆಯೇ ಸೇತುವೆ. ಅಳತೆಗೋಲು ನಮ್ಮಲ್ಲಿಲ್ಲ, ಆದುದರಿಂದ ಗಾಡಿಯು ಈ ದಡವನ್ನು ಬಿಟ್ಟ ಕ್ಷಣದಿಂದ ಮಂದಾಕ್ರಾಂತ ವೃತ್ತದ ಶ್ಲೋಕಗಳನ್ನು ನಿಧಾನವಾಗಿ ಹೇಳತೊಡಗಿದೆವು. ಎರಡನೆಯದು ಮುಗಿಯುವ ಹೊತ್ತಿಗೆ ಆ ದಡವು ಬಂದಿತು. ಮುಂದೆ ವಿಂಧ್ಯದ ಕಾಡು. ನಮ್ಮ ಕಣ್ಣಿನಲ್ಲಿ ನೀರು ಬಂದುದನ್ನು ಕಂಡು ಎದುರು ಕುಳಿತಿದ್ದ ಹೆಂಗಸು ಕಿಟಕಿಯನ್ನು ಮುಚ್ಚಿಕೊಟ್ಟಳು. ಗಾಳಿಯ ಧೂಳೆಂದು ತಿಳಿದಿರಬೇಕು.

ವಿದಿಶೆಯಲ್ಲಿ ವೇತ್ರವತಿಯು ಬೇತ್ವಾ ಎಂಬ ಹೆಸರಿನಿಂದ ಹರಿಯುವುದು. ತಕ್ಷಶಿಲೆಯ ಹೆಲಿಯೊಡೋರನೆಂಬ ಯವನದೂತನು ಕ್ರಿಸ್ತಪೂರ್ವ ಎರಡನೆಯ ಶತಮಾನದಲ್ಲಿ ವಾಸುದೇವನಿಗಾಗಿ ನಿಲ್ಲಿಸಿದ ಗರುಡಸ್ತಂಭವು ಇಲ್ಲಿದೆ. ಸಮೀಪದ ಉದಯಗಿರಿಯ ಗುಹೆಯಲ್ಲಿ ಭೂದೇವಿಯನ್ನೆತ್ತಿದ ಮಹಾವರಾಹನಿದ್ದಾನೆ. ಎರಡನೆಯ ಚಂದ್ರಗುಪ್ತನ ಕಾಲದ ಶಾಸನವೂ ಅದೇ ಗುಡ್ಡದಲ್ಲಿದೆ. ಕಾಳಿದಾಸನು ಅದೇ ಕಾಲದವನೆಂಬ ಮತವನ್ನು ನಂಬುವವರಿಗೆ ಆ ವರಾಹನೆದುರು ನಿಂತಾಗ ಮೈ ನವಿರೇಳದೆ ಇರದು.

ಉಜ್ಜಯಿನಿಯು ಮೇಘನಿಗೆ ನೇರ ದಾರಿಯಲ್ಲ. ಸುತ್ತಾದರೂ ನೋಡಿ ಹೋಗೆಂದು ಯಕ್ಷನು ಹೇಳಿದನಷ್ಟೆ. ನಾವೂ ಬೀನಾ, ಗುನಾ, ಮಕ್ಸಿಗಳ ಮೂಲಕ ಸುತ್ತು ದಾರಿಯನ್ನೇ ಹಿಡಿದೆವು. ಗಾಡಿ ಬದಲಾಯಿಸಬೇಕಾದ ಒಂದು ಜಂಕ್ಷನ್ನಿನಲ್ಲಿ, ಕಡೆಯ ಗಳಿಗೆಯಲ್ಲಿ ಪ್ಲಾಟ್‌ಫಾರಂ ಬೇರೆಯಾಯಿತೆಂದು ಕೂಗಿದರು. ಪೆಟ್ಟಿಗೆ ಹೊತ್ತು ಮೆಟ್ಟಿಲೇರುವಾಗ ತಲೆ ಸುತ್ತಿ ಕುಳಿತುಬಿಟ್ಟೆವು. ಮಗನ ಮಾತು ನೆನಪಿಗೆ ಬಂದಿತು, ಇಲ್ಲಿಗೇ ಮುಗಿಯಿತೆಂದುಕೊಂಡೆವು. ಅಷ್ಟರಲ್ಲಿ ಒಬ್ಬ ರೈತನೂ ಅವನ ಹೆಂಡತಿಯೂ ಬಂದು, ಒಬ್ಬರು ಪೆಟ್ಟಿಗೆಯನ್ನೂ ಒಬ್ಬರು ನಮ್ಮ ಕೈಯನ್ನೂ ಹಿಡಿದು ಗಾಡಿಗೆ ಹತ್ತಿಸಿದರು. ಅವರ ರೊಟ್ಟಿಯನ್ನು ನಾವೂ ನಮ್ಮ ಕೋಡುಬಳೆಯನ್ನು ಅವರೂ ತಿಂದೆವು. ಆ ತಾಯಿಯು ಮಾತಿನ ನಡುನಡುವೆ ಕಿಟಕಿಯಿಂದ ಮೋಡವನ್ನೇ ನೋಡುತ್ತಿದ್ದಳು. ಕೇಳಿದರೆ, ಸೋಯಾ ಬಿತ್ತಿ ಹತ್ತು ದಿನವಾಯಿತು, ಮಳೆಯಿಲ್ಲವೆಂದಳು. ಬೆಳೆಯೆಲ್ಲ ಮೇಘನ ಕೈಯಲ್ಲಿದೆಯೆಂದು ಹಳ್ಳಿಯ ಹೆಂಗಸರು ಅವನನ್ನು ಪ್ರೀತಿಯಿಂದ ನೋಡುವರೆಂಬ ಅರ್ಥದ ಶ್ಲೋಕವೊಂದು ಆ ಕಾವ್ಯದಲ್ಲುಂಟು. ಅದರಲ್ಲಿ ನಾವು ಹುಡುಗರಿಗೆ ಸಮಾಸವನ್ನೂ ಅಲಂಕಾರವನ್ನೂ ಹೇಳಿಕೊಟ್ಟಿದ್ದೆವು. ಬಿತ್ತಿದವರ ಭಯವನ್ನು ಹೇಳಿಕೊಟ್ಟಿರಲಿಲ್ಲ.

ಉಜ್ಜಯಿನಿಯಲ್ಲಿ ಮಹಾಕಾಲನ ದರ್ಶನವಾಯಿತು. ನಮ್ಮ ಪ್ರಾಚೀನ ಜ್ಯೋತಿಷಿಗಳ ಮಧ್ಯರೇಖೆಯು ಹಾಯುತ್ತಿದ್ದುದು ಈ ಊರಿನ ಮೇಲೆಯೇ. ಸವಾಯಿ ಜಯಸಿಂಹನು ಕಟ್ಟಿಸಿದ ವೇಧಶಾಲೆಯನ್ನು ಇಂದಿಗೂ ನೋಡಬಹುದು. ಬತ್ತುತ್ತಿದ್ದ ಶಿಪ್ರೆಗೆ 2014ರಿಂದ ನರ್ಮದೆಯ ನೀರನ್ನು ಪಂಪುಗಳಿಂದ ಎತ್ತಿ ಹರಿಸುವ ಏರ್ಪಾಡಾಗಿದೆ. ಮೇಘನ ಕೆಲಸದಲ್ಲಿ ಯಂತ್ರವೂ ಪಾಲುಗೊಂಡಂತಾಯಿತು. ಬೆಳಿಗ್ಗೆ ಬೀದಿಯಲ್ಲಿ ಪೋಹಾ ಎಂದು ಕೊಟ್ಟುದು ನಮ್ಮ ಒಗ್ಗರಣೆ ಅವಲಕ್ಕಿಯ ಅಣ್ಣನೇ ಸರಿ. ಆ ಸಂಜೆ ಫೋನಿನಲ್ಲಿ ಇದನ್ನು ಹೇಳಿದಾಗ, "ಹಾಗಾದರೆ ನಾನು ಕಟ್ಟಿಕೊಟ್ಟುದು ದಂಡವಾಯಿತು" ಎಂದು ಮನೆಯವರು ನಕ್ಕರು. ತಲೆಸುತ್ತಿದ ಸಂಗತಿಯನ್ನು ಮಾತ್ರ ನಾವು ಹೇಳಲಿಲ್ಲ. ಈ ಬರಹದಿಂದಲೇ ಅವರಿಗೆ ತಿಳಿಯಬೇಕು.

ಕುರುಕ್ಷೇತ್ರದಲ್ಲಿ ಒಂದು ದಿನವಿದ್ದು ಹರಿದ್ವಾರವನ್ನು ಸೇರಿದೆವು. ಮಗ್ಗುಲಲ್ಲಿಯೇ ಕನಖಲ, ದಕ್ಷೇಶ್ವರನ ಗುಡಿ. 1854ರಲ್ಲಿ ತೆರೆದ ದೊಡ್ಡ ಕಾಲುವೆಯು ಗಂಗೆಯ ನೀರನ್ನು ಇಲ್ಲಿಂದಲೇ ಬಯಲಿಗೆ ಒಯ್ಯುವುದು. ಮೇಘನು ಇಲ್ಲಿಂದ ಕೈಲಾಸದ ಕಡೆಗೆ ಏರಿಹೋದನು. ನಮ್ಮ ಟಿಕೆಟ್ಟಿನಲ್ಲಿ ಇನ್ನೂ ಎರಡು ತಂಗುವಿಕೆಗಳು ಉಳಿದಿದ್ದರೂ ನಾವು ಮನೆಯ ಕಡೆಗೆ ತಿರುಗಿದೆವು. ಯಕ್ಷನ ಶಾಪವು ಒಂದು ವರ್ಷದ್ದು. ನಮಗೆ 19 ದಿನಗಳೇ ಸಾಕಾದವು.

ಊರಿಗೆ ಬಂದ ಮೂರನೆಯ ದಿನ, ಈಗ ಪೇಟೆಯಲ್ಲಿ ಕಬ್ಬಿಣದ ಅಂಗಡಿಯನ್ನಿಟ್ಟಿರುವ ಆ ಹುಡುಗನನ್ನು ಹುಡುಕಿಕೊಂಡು ಹೋದೆವು. ಅವನಿಗೂ ತಲೆ ನರೆಯುತ್ತಿದೆ. ಎದ್ದು ನಿಂತು ನಮಸ್ಕರಿಸಿ ಕುರ್ಚಿ ಹಾಕಿದನು. "ಅಪ್ಪಾ, ರೇವಾನದಿಯನ್ನು ನೋಡಿ ಬಂದೆವು. ಅಂದು ನಿನ್ನನ್ನು ಗದರಿದುದು ನಮ್ಮ ತಪ್ಪು, ನಮಗೆ ಉತ್ತರ ಗೊತ್ತಿರಲಿಲ್ಲ" ಎಂದೆವು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಕೈಯಲ್ಲಿದ್ದ ತೂಕದ ಕಲ್ಲನ್ನು ಕೆಳಗಿಟ್ಟು, "ಎಷ್ಟು ಅಗಲ ಇದೆ ಮೇಷ್ಟ್ರೇ?" ಎಂದು ಕೇಳಿದನು.

ಎರಡು ಶ್ಲೋಕದಷ್ಟೆಂದು ಹೇಳಿ, ಎರಡನ್ನೂ ಅಲ್ಲಿಯೇ ಕುಳಿತು ಹೇಳಿದೆವು.